ಪುಟ್ಟ ಟಿ-55ಕ್ಕೆ ಗದ್ದೆ ಕೆಸರಿನ ಬಣ್ಣ

ಹಿಟಾಚಿ ಕೆಲಸ ಮಾಡುವ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿ. ಚೈನ್ ಸಂದಿಯಲ್ಲಿ ಹಸಿ ಮಣ್ಣು ಇರುತ್ತದೆ. ಅದರ ಮೇಲ್ಗಡೆ ನಿನ್ನೆಯದೋ ಮೊನ್ನೆಯದೋ ಒಣಗಿ ಬಿಳಚಿಕೊಂಡ ಮಣ್ಣು. ಆಪರೇಟರ್ ಕಾಲಿಟ್ಟು ಹತ್ತುವ ಮೆಟ್ಟಿಲ ಅಂಚಿನಲ್ಲಿ ಮಾತ್ರ ಬಣ್ಣ ಸವೆದು ಉಕ್ಕು ಕಾಣುತ್ತದೆ. ಡೀಸೆಲ್ ಹಾಕುವ ಬಾಯಿಯ ಕೆಳಗೆ ಜಿಡ್ಡಿನ ಒಂದು ಕಪ್ಪು ಗೆರೆ. ಒಂದೊಂದು ಕಲೆಯೂ ಎಲ್ಲಿಂದ ಬಂತು ಅಂತ ಹೇಳಬಹುದು.

ಪ್ಲಾಸ್ಟಿಕ್ ಬಿಡಿಭಾಗ ಜೋಡಿಸಿ ಕಟ್ಟುವ ಪುಟ್ಟ ಟ್ಯಾಂಕ್ ಮಾದರಿಗೂ ಇದೇ ಲೆಕ್ಕ. ಬಿಸಿಲು, ಮಳೆ, ಕೆಸರು, ಎಣ್ಣೆ, ಬೂಟುಗಾಲು ಒಂದು ಯಂತ್ರದ ಮೇಲೆ ಬಿಟ್ಟುಹೋಗುವ ಗುರುತನ್ನು ಬಣ್ಣದಲ್ಲಿ ತರುವ ಕೆಲಸಕ್ಕೆ ವೆದರಿಂಗ್ ಅನ್ನುತ್ತಾರೆ. ಕಾರಣ ಗೊತ್ತಿಲ್ಲದ ಕಲೆಯನ್ನು ಹಾಕದಿದ್ದರೆ ಅರ್ಧ ಗೆದ್ದಂತೆ. ಹಾಗಾಗಿ ಬಣ್ಣದ ಡಬ್ಬಿ ತೆರೆಯುವ ಮೊದಲು ಒಂದು ವಿಷಯ ತೀರ್ಮಾನ ಆಗಬೇಕು: ಈ ಟ್ಯಾಂಕ್ ಈಗ ಎಲ್ಲಿಂದ ಬಂದು ನಿಂತಿದೆ?

ನಾನಿಲ್ಲಿ ಹೇಳುತ್ತಿರುವುದು 1/35 ಅಳತೆಯ, ಅಂದರೆ ನಿಜವಾದದ್ದರ ಮೂವತ್ತೈದನೇ ಒಂದು ಪಾಲಿನ ಟಿ-55 ಬಗ್ಗೆ. ಸೋವಿಯತ್ ಒಕ್ಕೂಟದ ಟ್ಯಾಂಕ್. ಸುಮಾರು 36 ಟನ್ ತೂಕ, 100 ಮಿಲಿಮೀಟರ್ ಫಿರಂಗಿ, ಒಳಗೆ ನಾಲ್ಕು ಜನ. ಟಮಿಯಾ ಕಂಪನಿಯ ಟಿ-55ಎ ಕಿಟ್ ಕಟ್ಟುವುದು ಸುಲಭ. ಮಿನಿಆರ್ಟ್ ಕಿಟ್‌ನಲ್ಲಿ ಬಿಡಿಭಾಗ ಜಾಸ್ತಿ, ತಾಳ್ಮೆಯೂ ಜಾಸ್ತಿ ಬೇಕು. 1971ರ ಯುದ್ಧದಲ್ಲಿ ಭಾರತದ ಸೇನೆ ಈ ಟ್ಯಾಂಕನ್ನು ಬಳಸಿತ್ತು. ಆ ನವೆಂಬರ್-ಡಿಸೆಂಬರ್‌ನಲ್ಲಿ ಹಿಲ್ಲಿಯಲ್ಲಿ, ಅಂದರೆ ಇವತ್ತಿನ ಬಾಂಗ್ಲಾದೇಶದ ಗಡಿಯಲ್ಲಿ, ಗದ್ದೆ ಮತ್ತು ಜೌಗು ನೆಲದ ನಡುವೆ ಕದನ ನಡೆಯಿತು. ನಮ್ಮ ಮಾದರಿ ಆ ಗದ್ದೆಗಳನ್ನು ದಾಟಿ ಬಂದು ನಿಂತಿದೆ ಅಂದುಕೊಳ್ಳೋಣ. ಇನ್ನು ಮುಂದಿನ ಪ್ರತಿ ಹೆಜ್ಜೆಯೂ ಅದನ್ನೇ ಕೇಳಿಕೊಂಡು ನಡೆಯುತ್ತದೆ.

ನನ್ನ ಮೊದಲ ಟಿ-55ಕ್ಕೆ ನಾನು ಮನೆ ಹಿಂದಿನ ಕೆಮ್ಮಣ್ಣನ್ನೇ ಜರಡಿ ಹಿಡಿದು ಮೆತ್ತಿದ್ದೆ. ಹಸಿರಿನ ಮೇಲೆ ಕೆಂಪು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಆ ಯುದ್ಧದ ಗದ್ದೆಯ ಕೆಸರು ಬೂದು ಬೆರೆತ ಕಂದು. ಮಣ್ಣಿನ ಬಣ್ಣ ತಪ್ಪಿದರೆ ಊರೇ ತಪ್ಪಿದಂತೆ, ಅಲ್ವಾ?

ಇನ್ನೊಂದು ಮಾತು. ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಟಿ-55 ಇದೆ. ಆ ಕಡೆ ಹೋದರೆ ತಪ್ಪದೆ ಸುತ್ತು ಹಾಕಿ. ಅಚ್ಚಿನಲ್ಲಿ ಎರಕ ಹೊಯ್ದ, ಫಿರಂಗಿ ಹೊತ್ತ ಗೋಪುರದ ಒರಟು, ಬೆಸುಗೆಯ ಗೆರೆ, ಚೈನ್‌ನ ಕೊಂಡಿಗಳನ್ನು ಹತ್ತಿರದಿಂದ ನೋಡಿ. ಬಣ್ಣವನ್ನು ಮಾತ್ರ ನಕಲು ಮಾಡಬೇಡಿ. ಸ್ಮಾರಕವಾಗಿ ನಿಲ್ಲಿಸಿದ ಟ್ಯಾಂಕ್‌ಗಳಿಗೆ ಮತ್ತೆ ಮತ್ತೆ ಹೊಸ ಪೇಂಟ್ ಹೊಡೆದಿರುತ್ತಾರೆ.

ತೊಳೆದು, ಪ್ರೈಮರ್ ಹೊಡೆದು

ಕಟ್ಟಿದ ಮಾದರಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಮೆತ್ತಗೆ ತೊಳೆಯಿರಿ. ಪ್ಲಾಸ್ಟಿಕ್ ಮೇಲೆ ಅಚ್ಚಿನ ಎಣ್ಣೆ, ಕೈ ಜಿಡ್ಡು ಉಳಿದರೆ ಬಣ್ಣ ಕಚ್ಚುವುದಿಲ್ಲ. ಚಕ್ರ ಮತ್ತು ಚೈನ್‌ಗಳನ್ನು ಈಗಲೇ ಅಂಟಿಸಬೇಡಿ. ಬಿಡಿಯಾಗಿದ್ದರೆ ಬ್ರಷ್ ಎಲ್ಲ ಕಡೆ ಹೋಗುತ್ತದೆ.

ಪ್ರೈಮರ್‌ಗೆ ಮಿಸ್ಟರ್ ಸರ್ಫೇಸರ್ 1000 ಅಥವಾ 1200 ಸಾಕು. ಮಳೆಗಾಲದಲ್ಲಿ ಹುಷಾರು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸ್ಪ್ರೇ ಮಾಡಿದ ಬಣ್ಣದ ಮೇಲೆ ಮಂಜು ಕವಿದಂತೆ ಬಿಳಿ ಪೊರೆ ಬರುತ್ತದೆ. ಬಿಸಿಲು ಬಿದ್ದ ದಿನ, ಕಿಟಕಿ ತೆರೆದು, ಮಾಸ್ಕ್ ಹಾಕಿಕೊಂಡು ಹೊಡೆಯಿರಿ. ಥಿನ್ನರ್ ಆವಿ ಒಳಗೆ ಹೋಗುವುದು ಒಳ್ಳೆಯದಲ್ಲ.

ಹಸಿರು ಎಷ್ಟು ಗಾಢ?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಬೆಟ್ಟ ದೂರವಾದಷ್ಟೂ ಮಸುಕಾಗಿಯೂ ಕಾಣುತ್ತದೆ. 1/35 ಮಾದರಿಯನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದು ಅಂದರೆ ನಿಜವಾದ ಟ್ಯಾಂಕನ್ನು ಹತ್ತು ಮೀಟರ್ ದೂರದಿಂದ ನೋಡಿದ ಹಾಗೆ. ಅದಕ್ಕೇ ಮಾದರಿ ಕಟ್ಟುವವರು ಹಸಿರನ್ನು ಒಂದು ಪಾಲು ತಿಳಿ ಮಾಡಿಕೊಳ್ಳುತ್ತಾರೆ. ಡಬ್ಬಿಯಲ್ಲಿದ್ದ ಬಣ್ಣವನ್ನು ಹಾಗೇ ಹೊಡೆದರೆ ಮಾದರಿ ಕಪ್ಪುಕಪ್ಪಾಗಿ, ಆಟಿಕೆಯಂತೆ ಕಾಣುತ್ತದೆ.

ನಾನು ಟಮಿಯಾದ ಅಕ್ರಿಲಿಕ್ ಬಣ್ಣ ಎಕ್ಸ್‌ಎಫ್-62 ಆಲಿವ್ ಡ್ರಾಬ್‌ಗೆ ಸ್ವಲ್ಪ ಎಕ್ಸ್‌ಎಫ್-60 ಡಾರ್ಕ್ ಯೆಲ್ಲೋ ಬೆರೆಸುತ್ತೇನೆ. ಬಣ್ಣ ಒಂದು ಪಾಲು, ಥಿನ್ನರ್ ಒಂದು ಪಾಲು. ಹಾಲಿನಷ್ಟು ತೆಳ್ಳಗಿರಬೇಕು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ, 0.3 ಮಿಲಿಮೀಟರ್ ಸೂಜಿಯ ಏರ್‌ಬ್ರಷ್, ಒತ್ತಡ 15ರಿಂದ 20 ಪಿಎಸ್‌ಐ. ಮೊದಲು ಮೂಲೆ, ಸಂದಿ, ಫೆಂಡರ್ (ಚೈನ್ ಮೇಲಿನ ತಗಡು) ಕೆಳಗೆ ಗಾಢ ಹಸಿರು. ಆಮೇಲೆ ಎರಡು ಹನಿ ಬಫ್ (ತಿಳಿ ಮರಳು) ಬಣ್ಣ ಸೇರಿಸಿ, ಬಿಸಿಲು ನೇರ ಬೀಳುವ ಮೇಲ್ಭಾಗಕ್ಕೆ ಮಾತ್ರ ತೆಳುವಾಗಿ. ಗೋಪುರದ ನೆತ್ತಿ, ಎಂಜಿನ್ ಮೇಲಿನ ಮುಚ್ಚಳ, ಫೆಂಡರ್‌ಗಳ ಬೆನ್ನು. ಅಷ್ಟೇ.

ಏರ್‌ಬ್ರಷ್ ಇಲ್ಲವೇ? ವ್ಯಾಲೆಹೊದಂಥ ನೀರಿನ ಅಕ್ರಿಲಿಕ್ ಬಣ್ಣವನ್ನು ಅಗಲ ಬ್ರಷ್‌ನಲ್ಲಿ ಮೂರು-ನಾಲ್ಕು ತೆಳು ಪದರ ಹಚ್ಚಿ. ಮೊದಲ ಪದರ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ಗಾಬರಿ ಬೇಡ. ಮೂರನೆಯದಕ್ಕೆ ಸರಿಹೋಗುತ್ತದೆ.

ಚಕ್ರದ ರಬ್ಬರಿಗೆ ಎಕ್ಸ್‌ಎಫ್-85 ರಬ್ಬರ್ ಬ್ಲ್ಯಾಕ್. ಅಪ್ಪಟ ಕಪ್ಪು ಯಾವುದಕ್ಕೂ ಬೇಡ. ನಂಬರ್, ಚಿಹ್ನೆಗಳ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಅಂಟಿಸುವ ಜಾಗಕ್ಕೆ ಮೊದಲು ಎಕ್ಸ್-22 ಎಂಬ ಹೊಳಪಿನ ವಾರ್ನಿಶ್ ಹೊಡೆಯಿರಿ. ಒರಟು ಮೇಲ್ಮೈಗೆ ಡೆಕಾಲ್ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಅಂಚು ಬೆಳ್ಳಗೆ ಮಿನುಗುತ್ತದೆ. ಒಂದು ದಿನ ಪೂರ್ತಿ ಒಣಗಲಿ.

ಸಂದಿಗಳಿಗೆ ನೆರಳು

ಈಗ ಆಯಿಲ್ ಪೇಂಟ್ ಸರದಿ. ಚಿತ್ರ ಬರೆಯುವವರ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಟ್ಯೂಬ್ ಸಾಕು. ಬರ್ಂಟ್ ಅಂಬರ್, ರಾ ಅಂಬರ್, ಯೆಲ್ಲೋ ಓಕರ್, ಕಪ್ಪು, ಬಿಳಿ. ಒಂದು ಗುಟ್ಟು ಹೇಳುತ್ತೇನೆ. ಬಣ್ಣವನ್ನು ರಟ್ಟಿನ ತುಂಡಿನ ಮೇಲೆ ಹಿಂಡಿ ಅರ್ಧ ಗಂಟೆ ಬಿಡಿ. ರಟ್ಟು ಅದರ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಆಮೇಲೆ ಆ ಬಣ್ಣ ಬೇಗ ಒಣಗುತ್ತದೆ, ಹೊಳಪೂ ಬರುವುದಿಲ್ಲ.

ಬರ್ಂಟ್ ಅಂಬರ್‌ಗೆ ಚೂರು ಕಪ್ಪು ಬೆರೆಸಿ, ಮಿನರಲ್ ಟರ್ಪೆಂಟೈನ್‌ನಲ್ಲಿ ನೀರಾಗಿಸಿ. ಸಣ್ಣ ಬ್ರಷ್‌ನ ತುದಿಯನ್ನು ಬೋಲ್ಟಿನ ಬುಡಕ್ಕೆ ತಾಗಿಸಿ ನೋಡಿ. ಬಣ್ಣ ತಾನೇ ಸುತ್ತ ಹರಿದು ಒಂದು ಉಂಗುರವಾಗುತ್ತದೆ. ಬೆಸುಗೆ ಗೆರೆಗೆ ತಾಗಿಸಿದರೆ ಅದರುದ್ದಕ್ಕೂ ಓಡುತ್ತದೆ. ಇಡೀ ಟ್ಯಾಂಕ್‌ಗೆ ಬಳಿಯಬೇಡಿ. ಇಪ್ಪತ್ತು ನಿಮಿಷ ಬಿಟ್ಟು, ಟರ್ಪೆಂಟೈನ್‌ನಲ್ಲಿ ಅದ್ದಿ ಚೆನ್ನಾಗಿ ಒರೆಸಿದ ಬ್ರಷ್‌ನಿಂದ ಆಚೀಚೆ ಚೆಲ್ಲಿದ್ದನ್ನು ತೆಗೆಯಿರಿ.

ಅಡಿಯಲ್ಲಿರುವುದು ಅಕ್ರಿಲಿಕ್, ಮೇಲೆ ಬರುವುದು ಆಯಿಲ್. ಟರ್ಪೆಂಟೈನ್‌ಗೆ ಅಕ್ರಿಲಿಕ್ ಕರಗುವುದಿಲ್ಲ, ಅದಕ್ಕೇ ಈ ಕೆಲಸ ಸಾಧ್ಯ. ಅಡಿಗೆ ಎನಾಮೆಲ್ ಹೊಡೆದಿದ್ದರೆ ಎಲ್ಲ ಕಲಸಿಹೋಗುತ್ತದೆ. ಎನ್‌ಸಿ ಥಿನ್ನರ್ ಅಂತೂ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ. ಚಕ್ರದ ಅಚ್ಚಿನಂಥ ಭಾರ ಹೊರುವ ಸಂದಿಗೆ ಟರ್ಪೆಂಟೈನ್ ಸುರಿಯುವುದೂ ಬೇಡ. ಹಾಗೆ ಸುರಿದು ನನ್ನದೊಂದು ಮಾದರಿಯಲ್ಲಿ ಎರಡು ಅಚ್ಚು ಮರುದಿನ ಬೆಳಗ್ಗೆ ಪಟ್ಟನೆ ಮುರಿದಿದ್ದವು. ಒಳಗೆ ಇಂಗಿದ ಟರ್ಪೆಂಟೈನ್ ಪ್ಲಾಸ್ಟಿಕನ್ನು ಪೆಡಸು ಮಾಡಿತ್ತು.

ಒಣಗಿದ ಮೇಲೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್, ಎಕ್ಸ್‌ಎಫ್-86. ಇದು ಈಗಲೇ ಆಗಬೇಕು. ಕೊನೆಗೆ ಧೂಳಿನ ಮೇಲೆ ಹೊಡೆದರೆ ಧೂಳೆಲ್ಲ ಮಾಯ.

ಸವೆತಕ್ಕೆ ಅಳತೆ ಇದೆ

ಜಾಸ್ತಿ ಜನ ಎಡವುವುದು ಇಲ್ಲೇ. ಮಾದರಿಯ ಮೇಲೆ 5 ಮಿಲಿಮೀಟರ್ ಬಣ್ಣ ಎದ್ದಂತೆ ತೋರಿಸಿದರೆ, ನಿಜವಾದ ಟ್ಯಾಂಕಿನಲ್ಲಿ ಅದು 17 ಸೆಂಟಿಮೀಟರಿಗೂ ದೊಡ್ಡ ಗಾಯ. ಅರ್ಧ ಮಿಲಿಮೀಟರಿನ ಚುಕ್ಕೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದು. ಹಾಗಾಗಿ ನಮಗೆ ಬೇಕಾಗಿರುವುದು ಕಣ್ಣು ಕಿರಿದು ಮಾಡಿ ನೋಡಬೇಕಾದಂಥ ಚುಕ್ಕೆಗಳು.

ಸ್ಪಂಜಿನ ಕಡಲೆಕಾಯಿಯಷ್ಟು ತುಂಡನ್ನು ಕಿತ್ತು, ಕಪ್ಪುಗಂದು ಅಕ್ರಿಲಿಕ್‌ನಲ್ಲಿ ಅದ್ದಿ, ಕಾಗದದ ಮೇಲೆ ಬಹುತೇಕ ಒರೆಸಿಬಿಡಿ. ಉಳಿದದ್ದನ್ನು ಅಂಚುಗಳಿಗೆ ಮೆಲ್ಲಗೆ ಒತ್ತಿ. ಎಲ್ಲೆಲ್ಲಿ? ಡ್ರೈವರ್ ಇಳಿಯುವ ಮುಚ್ಚಳದ ಸುತ್ತ. ಕಮಾಂಡರ್ ಮತ್ತು ಗುಂಡು ತುಂಬುವ ಲೋಡರ್ ಹತ್ತಿ ಇಳಿಯುವಾಗ ಬೂಟು ಉಜ್ಜುವ ಫೆಂಡರ್ ಅಂಚು. ಗೋಪುರದ ಹಿಡಿಕೆಗಳು. ಯಾರ ಕೈಕಾಲೂ ತಾಗದ ಗೋಪುರದ ಮಧ್ಯಭಾಗದಲ್ಲಿ ಬಣ್ಣ ಏಕೆ ಏಳುತ್ತದೆ? ಅದನ್ನು ಹಾಗೇ ಬಿಡಿ. ದಿನಾ ಕೈ ತಾಗುವ ಕಡೆ ಸೀಸದ ಕಡ್ಡಿಯಿಂದ ಒಮ್ಮೆ ಸವರಿದರೆ ಉಕ್ಕಿನ ಹೊಳಪು ಬರುತ್ತದೆ. ಬೆಳ್ಳಿ ಬಣ್ಣ ಬೇಡ.

ಕೆಂಪು ತುಕ್ಕಿನ ವಿಷಯದಲ್ಲೂ ಕೈ ಬಿಗಿ ಹಿಡಿಯಿರಿ. ದಿನಾ ಓಡುವ ಟ್ಯಾಂಕ್ ಗುಜರಿ ಅಂಗಡಿಯಲ್ಲಿ ಬಿದ್ದದ್ದಲ್ಲ. ಬಿಸಿಯಾಗಿ ತಣಿಯುವ ಹೊಗೆ ಬಾಯಿಗೆ ಮಾತ್ರ ತುಕ್ಕು ಸಲ್ಲುತ್ತದೆ. ಟಿ-55ರಲ್ಲಿ ಅದು ಎಡ ಫೆಂಡರ್ ಮೇಲಿದೆ. ಈ ಟ್ಯಾಂಕ್ ಬಿಸಿ ಹೊಗೆಗೆ ಡೀಸೆಲ್ ಚಿಮ್ಮಿಸಿ ಹೊಗೆಯ ಪರದೆಯನ್ನೂ ಎಬ್ಬಿಸುತ್ತದೆ. ಹಾಗಾಗಿ ಎಡಗಡೆಯ ಹಿಂಭಾಗ ಬಲಗಡೆಗಿಂತ ಮಸಿಮಸಿಯಾಗಿ ಇರಲೇಬೇಕು. ಕಪ್ಪು ಪೇಸ್ಟಲ್ (ಸೀಮೆಸುಣ್ಣದಂಥ ಒಣ ಬಣ್ಣದ ಕಡ್ಡಿ) ಪುಡಿಯನ್ನು ಒಣ ಬ್ರಷ್‌ನಲ್ಲಿ ಉಜ್ಜಿದರೆ ಸಾಕು.

ನೀರಿನ ಗೆರೆಗಳಿಗೆ ಮತ್ತೆ ಆಯಿಲ್ ಪೇಂಟ್. ಲಂಬವಾದ ಮೇಲ್ಮೈಯ ಮೇಲಂಚಿನಲ್ಲಿ ಓಕರ್ ಅಥವಾ ಅಂಬರ್‌ನ ಸಾಸಿವೆಯಷ್ಟು ಚುಕ್ಕೆ ಇಡಿ. ಐದು ನಿಮಿಷ ಬಿಟ್ಟು, ತುಸು ಒದ್ದೆಯಾದ ಚಪ್ಪಟೆ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ನೇರ ಎಳೆಯಿರಿ. ಚುಕ್ಕೆ ಕರಗಿ ಗೆರೆಯಾಗುತ್ತದೆ, ಕೆಳಗೆ ಹೋಗುತ್ತ ಮಾಯವಾಗುತ್ತದೆ. ಹಿಂದಿನ 200 ಲೀಟರ್ ಡೀಸೆಲ್ ಡ್ರಮ್‌ಗಳ ಮುಚ್ಚಳದ ಕೆಳಗೆ ಎಣ್ಣೆಯ ಒಂದೆರಡು ಗೆರೆ ಬರಲಿ. ಇದಕ್ಕೆ ಮಾತ್ರ ಒಂದು ಹನಿ ಹೊಳಪಿನ ವಾರ್ನಿಶ್ ಸೇರಿಸಿ.

ಕೆಸರು

ನನಗೆ ತುಂಬ ಇಷ್ಟವಾದ ಹಂತ ಇದು. ಬೂದು, ಕಂದು, ಸ್ವಲ್ಪ ಕಪ್ಪು ಪೇಸ್ಟಲ್ ಕಡ್ಡಿಗಳನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿ. ಟೀ ಸೋಸುವ ಜರಡಿಯಲ್ಲಿ ಸೋಸಿದ ನುಣ್ಣನೆಯ ಮರಳು ಒಂದು ಚಿಟಿಕೆ, ಅಷ್ಟೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಅಕ್ರಿಲಿಕ್ ಮ್ಯಾಟ್ ಮೀಡಿಯಂ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಫೆವಿಕಾಲ್‌ಗೆ ನೀರು ಬೆರೆಸಿಯೂ ಮಾಡಬಹುದು, ಆದರೆ ಒಣಗಿದ ಮೇಲೆ ಸಣ್ಣ ಹೊಳಪು ಉಳಿಯುತ್ತದೆ.

ಮೂರು ಬಟ್ಟಲಲ್ಲಿ ಮೂರು ಬಣ್ಣ ಮಾಡಿಕೊಳ್ಳಿ. ತಿಳಿ ಬಣ್ಣದ್ದು ನಿನ್ನೆಯ ಕೆಸರು. ಅದನ್ನು ಮೊದಲು, ಒಡಲಿನ ಪಕ್ಕ ಚಕ್ರಗಳ ಹಿಂದೆ, ಫೆಂಡರ್ ಅಡಿಯಲ್ಲಿ, ಮುಂದಿನ ಇಳಿಜಾರಿನ ಕೆಳಗೆ ಹಳೆಯ ಬ್ರಷ್‌ನಿಂದ ಕುಟ್ಟಿ. ಒಣಗಲಿ. ಮಧ್ಯಮ ಬಣ್ಣದ್ದು ಇವತ್ತು ಬೆಳಗಿನದು. ಅದು ಇನ್ನೂ ಕೆಳಗೆ, ಕಡಿಮೆ ಜಾಗಕ್ಕೆ. ಗಾಢವಾದದ್ದು ಈಗಷ್ಟೇ ಹತ್ತಿದ ಹಸಿ ಕೆಸರು, ಚಕ್ರಗಳ ಸಂದಿಗೆ ಮತ್ತು ಚೈನ್‌ಗೆ ಮಾತ್ರ. ಒಂದೂವರೆ ಮಿಲಿಮೀಟರ್ ದಪ್ಪ ಅಂದರೆ ನಿಜದಲ್ಲಿ ಐದು ಸೆಂಟಿಮೀಟರ್ ಕೆಸರು. ಗೋಪುರಕ್ಕೆ ತೆಳು ಧೂಳು ಬಿಟ್ಟರೆ ಏನೂ ಬೇಡ. ಹಲ್ಲುಜ್ಜುವ ಬ್ರಷ್‌ಗೆ ತೆಳು ಕೆಸರು ಹಚ್ಚಿ ಬೆರಳಿನಿಂದ ಮೀಟಿದರೆ ಫೆಂಡರ್ ತುದಿಗೆ ಸಿಡಿದ ಹನಿಗಳು ಬರುತ್ತವೆ. ಮೊದಲು ಪೇಪರ್ ಮೇಲೆ ಮೀಟಿ ನೋಡಿ.

ಚೈನ್‌ಗೆ ಅಡಿಯಲ್ಲಿ ಕಪ್ಪುಗಂದು, ಮೇಲೆ ಕೆಸರು. ಒಣಗಿದ ಮೇಲೆ ನೆಲಕ್ಕೆ ತಾಗುವ ಉಬ್ಬುಗಳನ್ನಷ್ಟೇ ನುಣುಪು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಸೀಸದ ಕಡ್ಡಿಯ ಪುಡಿ ಹಚ್ಚಿ. ಟಿ-55ಕ್ಕೆ ಚೈನನ್ನು ಮೇಲೆ ಎತ್ತಿ ಹಿಡಿಯುವ ಸಣ್ಣ ಉರುಳೆಗಳಿಲ್ಲ. ಹೀಗಾಗಿ ಮೇಲಿನ ಚೈನ್ ದೊಡ್ಡ ಚಕ್ರಗಳ ಬೆನ್ನಿನ ಮೇಲೇ ಜೋತು ಕೂರುತ್ತದೆ. ಅದನ್ನು ಚಕ್ರಕ್ಕೆ ಅಂಟಿಸಿ, ಬಿಗಿಯಾಗುವವರೆಗೆ ಫೆಂಡರ್ ಸಂದಿಗೆ ಹತ್ತಿ ತುರುಕಿಡಿ. ಚೈನ್ ನೆಟ್ಟಗೆ ಬಿಗಿದು ನಿಂತರೆ ಇಷ್ಟು ಕೆಲಸವೂ ಹಾಳು.

ಹಿಂದುಗಡೆ ಕಟ್ಟಿರುವ ಮರದ ದಿಮ್ಮಿ ಸುಮ್ನೆ ಇರುವುದಲ್ಲ. ಟ್ಯಾಂಕ್ ಹೂತಾಗ ಅದನ್ನು ಚೈನ್‌ಗೆ ಅಡ್ಡಲಾಗಿ ಕಟ್ಟಿ ಮೇಲೆ ಬರುತ್ತಾರೆ. ಪ್ಲಾಸ್ಟಿಕ್ ದಿಮ್ಮಿಯ ಬದಲು ನಾನು ದಾಸವಾಳದ ಒಣಕಡ್ಡಿ ಇಡುತ್ತೇನೆ, 5-6 ಮಿಲಿಮೀಟರ್ ದಪ್ಪದ್ದು. ನಮ್ಮ ಟ್ಯಾಂಕ್ ಜೌಗು ದಾಟಿ ಬಂದದ್ದು ತಾನೇ? ಹಾಗಾದರೆ ದಿಮ್ಮಿಗೂ ಕೆಸರು ಮೆತ್ತಿರಬೇಕು, ಎರಡು ತುದಿಯಲ್ಲಿ ಚೈನ್ ಕಚ್ಚಿದ ಗಾಯ ಇರಬೇಕು. ಬ್ಲೇಡಿನಿಂದ ನಾಲ್ಕು ಕಚ್ಚು ಹಾಕಿ.

ಕೊನೆಯದಾಗಿ ಹುಲ್ಲು. ಬಂಗಾಳದ ಕಡೆ ಆಮನ್ ಭತ್ತದ ಕೊಯ್ಲು ನವೆಂಬರ್-ಡಿಸೆಂಬರ್‌ನಲ್ಲೇ. ಗದ್ದೆ ದಾಟಿದ ಚೈನ್‌ಗೆ ಹುಲ್ಲು, ಕೂಳೆ ಸಿಕ್ಕಿಕೊಳ್ಳದೆ ಇರುತ್ತದೆಯೇ? ತೆಂಗಿನ ನಾರಿನ ತೀರಾ ಸಣ್ಣ ಎಳೆಗಳನ್ನು ಆರಿಸಿ, ಮೂರು-ನಾಲ್ಕು ಮಿಲಿಮೀಟರಿಗೆ ಕತ್ತರಿಸಿ. ಹಸಿ ಕೆಸರು ಒಣಗುವ ಮೊದಲೇ ಚಿಮುಟದಿಂದ ಒಂದೊಂದಾಗಿ ಇಡಿ. ಹಿಂದಿನ ಹಲ್ಲುಚಕ್ರದ ಹತ್ತಿರ ಐದಾರು, ಫೆಂಡರ್ ಅಂಚಿಗೆ ಜೋತುಬಿದ್ದಂತೆ ಎರಡು. ಎರಡು ದಿನ ಮುಟ್ಟಬೇಡಿ. ಆಮೇಲೆ ಎತ್ತುವಾಗ ಒಡಲಿನ ಅಡಿಗೆ ಕೈ ಹಾಕಿ ಎತ್ತಿ, ನೇರ ಬಿಸಿಲು ಬೀಳದ ಗಾಜಿನ ಪೆಟ್ಟಿಗೆಯಲ್ಲಿಡಿ.