ಅಜ್ಜಿಯ ಸೀರೆಯ ಅಂಚಿನಿಂದ ಆರಂಭಿಸಿದೆ: ಹೊರಾಂಗಣ ಕುಟುಂಬ ಫೋಟೋಗಳ ಉಡುಪಿನ ಬಗ್ಗೆ ನನ್ನ ಅನುಭವ

ಹೊರಾಂಗಣದಲ್ಲಿ ಕುಟುಂಬದ ಫೋಟೋ ತೆಗೆಯುವಾಗ ಎಲ್ಲರ ಬಟ್ಟೆಯನ್ನೂ ಮನೆಯ ಹಿರಿಯ ಹೆಂಗಸಿನ ಸೀರೆಯ ಅಂಚಿನಿಂದಲೇ ಆರಿಸಬೇಕೆಂದು ಮೂರು ವರ್ಷಗಳ ಹಿಂದೆ ನಾನು ಹೇಳಿದಾಗ, ಮಂಡ್ಯದಲ್ಲಿ ನನ್ನೊಡನೆ ಮದುವೆ ಕೆಲಸಕ್ಕೆ ಬರುವ ಗೆಳೆಯರಾರೂ ಒಪ್ಪಲಿಲ್ಲ. ಜನ ಕೇಳುವುದು ಒಂದೇ ಬಣ್ಣದ ಸೆಟ್ಟನ್ನು, ಅದನ್ನು ತಪ್ಪಿಸಿದರೆ ಗಿರಾಕಿಯೂ ತಪ್ಪುತ್ತಾನೆ ಎಂಬುದು ಅವರ ವಾದವಾಗಿತ್ತು. ಕಳೆದ ಒಂದು ವರ್ಷದಲ್ಲಿ ಸುಮಾರು 40 ಕುಟುಂಬಗಳನ್ನು ಈ ಕ್ರಮದಲ್ಲಿ ತೆಗೆದಿದ್ದೇನೆ. ಬಟ್ಟೆಯ ಕಾರಣಕ್ಕೆ ಒಂದನ್ನೂ ಮತ್ತೆ ತೆಗೆಯಬೇಕಾಗಿ ಬಂದಿಲ್ಲ.

ಈ ದಾರಿಗೆ ನನ್ನನ್ನು ತಂದದ್ದು ಶ್ರೀರಂಗಪಟ್ಟಣದ ಬಳಿಯ ಒಂದು ಗದ್ದೆ. ಆಗಸ್ಟ್ ತಿಂಗಳು, ನಾಟಿ ಮುಗಿದು ಪೈರು ಹಸಿರೇರಿತ್ತು. ಕುಟುಂಬದ ಹನ್ನೊಂದು ಜನರೂ ಹೊಸ ಬಿಳಿ ಅಂಗಿ, ನೀಲಿ ಜೀನ್ಸ್ ತೊಟ್ಟು ಬಂದರು. ಪೈರಿನಿಂದ ಪುಟಿದ ಹಸಿರು ಬೆಳಕು ಅಂಗಿಗಳ ಕೆಳಭಾಗಕ್ಕೂ ಮಕ್ಕಳ ಗದ್ದಕ್ಕೂ ಹತ್ತಿಕೊಂಡಿತು. ಮರದ ನೆರಳಿಗೆ ಸರಿಸಿದರೆ, ಹೊಸ ಬಟ್ಟೆಗೆ ಹಾಕಿರುವ ಹೊಳಪಿನ ರಾಸಾಯನಿಕದಿಂದಾಗಿ ಬಿಳಿಯೆಲ್ಲ ನೀಲಿಯಾಗಿ ಕಂಡಿತು. ಬಿಳಿಯನ್ನು ಉಳಿಸಿಕೊಂಡರೆ ಮುಖಗಳು ಕಪ್ಪಾದವು, ಮುಖಗಳನ್ನು ಉಳಿಸಿಕೊಂಡರೆ ಅಂಗಿಯ ನೆರಿಗೆಗಳೇ ಮಾಯವಾದವು. ಮೂರು ರಾತ್ರಿ ಎಡಿಟಿಂಗ್‌ಗೆ ಕುಳಿತೆ. ಕೊನೆಗೆ ನನ್ನದೇ ಖರ್ಚಿನಲ್ಲಿ ಮತ್ತೊಮ್ಮೆ ತೆಗೆದುಕೊಟ್ಟಾಗ ಕೈಬಿಟ್ಟು ಹೋದದ್ದು 9,000 ರೂಪಾಯಿಯಷ್ಟು.

ಅದಕ್ಕಿಂತ ದೊಡ್ಡ ಪೆಟ್ಟು ಬಾಡಿಗೆ ಬಟ್ಟೆಯ ಯೋಜನೆಯಿಂದ ಬಿತ್ತು. ಸುಮಾರು 38,000 ರೂಪಾಯಿ ಹಾಕಿ ಜುಬ್ಬಾ, ಲಂಗ, ಸ್ಯಾಟಿನ್ ಅಂಗಿಗಳನ್ನು ಕೊಂಡು ಸ್ಟುಡಿಯೋದಲ್ಲಿ ಜೋಡಿಸಿದ್ದೆ. ಅಳತೆ ಒಬ್ಬರಿಗೂ ಸರಿಹೋಗಲಿಲ್ಲ, ಸಂಜೆಯ ಓರೆ ಬಿಸಿಲಿಗೆ ಸ್ಯಾಟಿನ್ನಿನ ಮೇಲೆ ಬಿಳಿ ಪಟ್ಟೆಗಳೆದ್ದವು, ಸಣ್ಣ ಚೌಕಳಿಯ ಅಂಗಿಗಳು ದೂರದಿಂದ ತೆಗೆದಾಗ ಕಾಮನಬಿಲ್ಲಿನಂತಹ ಅಲೆಗಳನ್ನು ಎಬ್ಬಿಸಿದವು. ಎಲ್ಲವನ್ನೂ ಮಾರಿದಾಗ ಬಂದದ್ದು 11,000 ಇರಬೇಕು.

ಅಂಚಿನ ಯೋಚನೆ ಹೊಳೆದದ್ದು ಮೇಲುಕೋಟೆಯಲ್ಲಿ. ಕಲ್ಯಾಣಿಯ ಮೆಟ್ಟಿಲಿನಲ್ಲಿ ಒಂದು ಕುಟುಂಬವನ್ನು ಕೂರಿಸುತ್ತಿದ್ದಾಗ, ಅಜ್ಜಿಯೊಬ್ಬರು "ನನ್ ಸೀರೆ ಹಳೇದು ಕಣಪ್ಪ, ನಾನು ಹಿಂದ್ಗಡೆ ನಿಂತ್ಕತೀನಿ" ಎಂದರು. ಇಟ್ಟಿಗೆ ಬಣ್ಣದ ಒಡಲು, ಪಾಚಿ ಹಸಿರಿನ ಅಂಚು. ಆ ಬೂದುಗಲ್ಲಿನ ನಡುವೆ ಚಿತ್ರಕ್ಕೆ ಜೀವ ಕೊಡುತ್ತಿದ್ದದ್ದು ಆ ಸೀರೆಯೊಂದೇ. ಅವರನ್ನೇ ನಡುವೆ ಕೂರಿಸಿ, ಮಾಸಿದ ಹಸಿರು ತೊಟ್ಟಿದ್ದ ಮೊಮ್ಮಗನನ್ನು ಪಕ್ಕಕ್ಕೆ ತಂದೊಡನೆ ಇಬ್ಬರೂ ಒಂದೇ ಮನೆಯವರೆಂದು ಕಣ್ಣಿಗೆ ತಿಳಿಯಿತು. ಅಂದಿನಿಂದ ಒಡಲಿನ ಬಣ್ಣವನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಅಂಚಿನ ಬಣ್ಣವನ್ನು ಇಬ್ಬರು ಮೂವರಿಗೆ, ಅದೂ ಒಂದೆರಡು ಮೆಟ್ಟಿಲು ಮಾಸಿದಂತೆ ಕೊಟ್ಟು, ಉಳಿದವರಿಗೆ ಮರಳು, ಗೋಧಿ, ಮಣ್ಣಿನ ಬಣ್ಣಗಳನ್ನು ಹಂಚುತ್ತೇನೆ. ಹಿಂದಿನ ದಿನವೇ ಮನೆಗೆ ಹೋಗಿ, ಬೀರುವಿನಿಂದ ಬಟ್ಟೆಗಳನ್ನು ತೆಗೆಸಿ ಮಂಚದ ಮೇಲೆ ಒತ್ತೊತ್ತಾಗಿ ಹರಡಿ, ಮೊಬೈಲಿನಲ್ಲಿ ಕಪ್ಪು ಬಿಳುಪಿನ ಚಿತ್ರ ತೆಗೆದು ನೋಡುತ್ತೇನೆ. ಅದರಲ್ಲಿ ಅತಿ ಬೆಳ್ಳಗೆ ಕಾಣುವುದು ಮುಖದಿಂದ ಕಣ್ಣನ್ನು ಕಸಿಯುವುದು ಖಂಡಿತ.

ಮೈಸೂರು ರೇಷ್ಮೆಗೆ ಮಾತ್ರ ಈ ಕ್ರಮ ನೇರವಾಗಿ ಒಗ್ಗಲಿಲ್ಲ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಆರಂಭವಾದ ಕಾರ್ಖಾನೆಯ ಆ ಸೀರೆಗಳಲ್ಲಿ ಸಾಮಾನ್ಯವಾಗಿ ಒಡಲು ಒಂದೇ ಬಣ್ಣದ್ದು, ಅಂಚು ಬರಿಯ ಜರಿ. ಮೊದಮೊದಲು ಜರಿಯನ್ನು ಹಿಂಬಾಲಿಸಿ ಗಂಡಸರಿಗೆಲ್ಲ ಹೊಳೆಯುವ ಹೊಂಬಣ್ಣದ ಜುಬ್ಬಾ ಹಾಕಿಸಿದೆ. ಸೀರೆಯ ಘನತೆಯೇ ಹೋಯಿತು. ಈಗ ಹೊಳಪಿಲ್ಲದ ಹತ್ತಿಯಲ್ಲಿ ಗೋಧಿ ಬಣ್ಣವನ್ನೋ ಬದನವಾಳಿನ ಬ್ಲೀಚ್ ಮಾಡದ ಖಾದಿಯನ್ನೋ ಉಡಿಸುತ್ತೇನೆ. ಹೊಳಪು ಸೀರೆಯಲ್ಲಿ ಮಾತ್ರ ಉಳಿದಾಗ ಜರಿಯು ಸಂಜೆ ಐದೂವರೆಯ ಬೆಳಕನ್ನು ಹಿಡಿಯುವ ಬಗೆಯೇ ಬೇರೆ. ಕಡುಗೆಂಪು ಸೀರೆಯಾದರೆ ಕ್ಯಾಮೆರಾದಲ್ಲಿ ಬೆಳಕನ್ನು ಸ್ವಲ್ಪ ಇಳಿಸಿಯೇ ತೆಗೆಯಿರಿ, ಇಲ್ಲವಾದರೆ ನೆರಿಗೆಗಳೆಲ್ಲ ಕಲಸಿ ಒಂದೇ ಕೆಂಪು ಮುದ್ದೆಯಾಗುತ್ತದೆ.

ಜಾಗವೂ ತಿಂಗಳಿಗೊಂದು ಬಣ್ಣ ತಳೆಯುತ್ತದೆಂಬುದನ್ನು ಪರೀಕ್ಷಿಸಲು, ಆರು ತುಂಡು ಬಟ್ಟೆಗಳನ್ನು ಬಿದಿರಿಗೆ ಕಟ್ಟಿ ಶ್ರೀರಂಗಪಟ್ಟಣದ ಅದೇ ಗದ್ದೆಯ ಬದುವಿನಲ್ಲಿ ಆಗಸ್ಟ್‌ನಿಂದ ಕುಯ್ಲಿನವರೆಗೆ ಚಿತ್ರ ತೆಗೆದೆ. ಆಗಸ್ಟ್‌ನಲ್ಲಿ ಎದ್ದು ಕಂಡ ಅರಿಶಿನ ಬಣ್ಣ ನವೆಂಬರ್ ಕೊನೆಗೆ ತೆನೆಯೊಳಗೆ ಕರಗಿಹೋಯಿತು. ಆಗ ಕೈಹಿಡಿದದ್ದು ನೇರಳೆ ಮತ್ತು ಮಂಕಾದ ನೀಲಿ. ಚಾಮುಂಡಿ ಬೆಟ್ಟದಲ್ಲಿ ಗಾಳಿಯದೇ ತೊಂದರೆ: ಅಲ್ಲಿಗೆ ಜಾರ್ಜೆಟ್ ದುಪಟ್ಟಾ ಬೇಡವೆಂದು ಈಗ ಮೊದಲೇ ಹೇಳಿಬಿಡುತ್ತೇನೆ.

ಹಿರಿಯರ ಬಿಳಿ ಪಂಚೆಯನ್ನು ಬಿಸಿಲಿಗೆ ತಾಳುವಂತೆ ಮಾಡಲು ಹಿಂದಿನ ರಾತ್ರಿ ಒಂದು ನೀರಿನಲ್ಲಿ ಅದ್ದಿಸುತ್ತೇನೆ. ಅದರ ಪಾಕವನ್ನು ಇಲ್ಲಿ ಬರೆಯಲಾರೆ, ಎರಡು ವರ್ಷ ಹಾಳುಮಾಡಿದ ಪಂಚೆಗಳಿಂದ ಕಲಿತದ್ದು ಅದು. ಮೊದಲು ಒಂದು ಆಲ್ಬಮ್‌ನ ಬಣ್ಣ ತಿದ್ದಲು ಎಂಟು ಒಂಬತ್ತು ಗಂಟೆ ಹಿಡಿಯುತ್ತಿದ್ದರೆ ಈಗ ಮೂರು ಗಂಟೆಯೊಳಗೆ ಮುಗಿಯುತ್ತದೆ. ಮನೆಗೆ ಹೋಗಿ ಬಟ್ಟೆ ಆರಿಸಿಕೊಡಲು 1,500 ರೂಪಾಯಿ ಬೇರೆಯಾಗಿಯೇ ಪಡೆಯುತ್ತೇನೆ. ಹೆಚ್ಚಾಯಿತೆಂದು ಹೇಳಿದವರು ಇಬ್ಬರು ಮಾತ್ರ. ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದ್ದ ಗೆಳೆಯ ಕಳೆದ ತಿಂಗಳು ತನ್ನ ತಾಯಿಯ ಮೂರು ಸೀರೆಗಳ ಚಿತ್ರ ಕಳುಹಿಸಿ, ಸಂಗಮದ ಬಂಡೆಗಳ ಮೇಲೆ ಯಾವುದು ಒಪ್ಪೀತು ಎಂದು ಕೇಳಿದ್ದಾನೆ. ನೇರಳೆ ಅಂಚಿನದನ್ನು ಆರಿಸಿ ತಿಳಿಸಿದ್ದೇನೆ.