ಬಾಟಲಿಗೆ ನೆರಳು ಕೂರಿಸಿದ ಕಥೆ

ಸ್ಟಾಕ್ ಫೋಟೋ (ಬೇರೆಯವರು ತೆಗೆದು ಮಾರಲು ಇಟ್ಟಿರುವ ಸಿದ್ಧ ಚಿತ್ರ) ತಂದು ಅದರಲ್ಲಿ ನಮ್ಮ ಪ್ರಾಡಕ್ಟ್ ಕೂರಿಸುವುದು ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಮೂರು ದಿನ ಹಿಡಿಯಿತು. ಅದರಲ್ಲಿ ಎರಡು ದಿನ ನನ್ನ ತಪ್ಪಿಗೇ ಹೋಯಿತು.

ಪರಿಚಯದವರೊಬ್ಬರು ಲೋಷನ್ ಮಾಡಿ ಮಾರುತ್ತಾರೆ. ಕಂದು ಗಾಜಿನ ಬಾಟಲಿ, ಮೇಲೆ ಕಪ್ಪು ಪಂಪ್. ಸ್ಟುಡಿಯೋ ಶೂಟ್‌ಗೆ ಅವರ ಹತ್ತಿರ ದುಡ್ಡಿರಲಿಲ್ಲ. ಹಾಗಾಗಿ ಸ್ಟಾಕ್ ಸೈಟಿನಲ್ಲಿ ಹುಡುಕಿದೆ. ಮೊದಲು ಇಷ್ಟವಾದ ಚಿತ್ರದ ಕೆಳಗೆ ‘ಎಡಿಟೋರಿಯಲ್ ಯೂಸ್ ಓನ್ಲಿ’ ಅಂತ ಇತ್ತು, ಅಂದರೆ ಸುದ್ದಿ, ಲೇಖನದಂಥವಕ್ಕೆ ಮಾತ್ರ. ಅಂಥದ್ದನ್ನು ಜಾಹೀರಾತಿಗೆ ಬಳಸುವ ಹಾಗಿಲ್ಲ, ಎಷ್ಟೇ ರೀಟಚ್ ಮಾಡಿ ತಿದ್ದಿದರೂ ಅಷ್ಟೇ. ಎರಡನೆಯದು ಸಿಕ್ಕಿತು: ಬಚ್ಚಲುಮನೆಯ ಮರದ ಶೆಲ್ಫ್, ಒಂದು ಗಿಡ, ಟವೆಲ್, ಎಡಗಡೆ ಕಿಟಕಿಯ ಬೆಳಕು. ಮನುಷ್ಯರ ಮುಖ ಇಲ್ಲದ್ದನ್ನೇ ಬೇಕಂತ ಆರಿಸಿದೆ. ಮುಖ ಇದ್ದರೆ, ಆ ಮಾಡೆಲ್ ಈ ಲೋಷನ್ನನ್ನು ತಾನೇ ಹಚ್ಚಿಕೊಳ್ಳುತ್ತಾಳೆ ಅನ್ನುವ ಅರ್ಥ ಬರುತ್ತದೆ, ಲೈಸೆನ್ಸ್ ಷರತ್ತುಗಳು ಅಲ್ಲೇ ಬಿಗಿಯಾಗಿರುತ್ತವೆ.

ಶೆಲ್ಫ್ ಮೇಲೆ ಮೊದಲೇ ಬೇರೆ ಯಾವುದೋ ಡಬ್ಬಿ ಇತ್ತು. ಫೋಟೋಶಾಪ್‌ನ ಕ್ಲೋನ್ ಸ್ಟ್ಯಾಂಪ್ (ಚಿತ್ರದ ಒಂದು ಕಡೆಯದನ್ನು ಇನ್ನೊಂದು ಕಡೆ ನಕಲು ಮಾಡುವ ಸಾಧನ) ಹಿಡಿದು ಅಳಿಸಿದೆ, ಚೆನ್ನಾಗೇ ಬಂತು ಅಂದುಕೊಂಡೆ. ಮರುದಿನ ನೋಡಿದರೆ ಮರದ ಒಂದೇ ಗಂಟು ಸಾಲಾಗಿ ಮೂರು ಸಲ! ಬೇರೆ ಬೇರೆ ಕಡೆಯಿಂದ ತುಂಡು ತಂದು, ಒಂದನ್ನು ತಿರುಗಿಸಿ, ಅಂಚನ್ನು ಹೀಲಿಂಗ್ ಬ್ರಷ್‌ನಿಂದ ಬೆರೆಸಿದ ಮೇಲೆ ಸರಿಹೋಯಿತು. ಟವೆಲ್ ಮೂಲೆಯಲ್ಲಿದ್ದ ಯಾರದೋ ಲೋಗೋ ಕೂಡ ತೆಗೆದೆ.

ಇನ್ನು ಬಾಟಲಿ. ಅದರ ಫೋಟೋ ಮೊದಲೇ ತೆಗೆದಿಟ್ಟಿದ್ದೆ, ಟೇಬಲ್ ಮೇಲಿಟ್ಟು, ಟ್ಯೂಬ್‌ಲೈಟ್ ಕೆಳಗೆ, ನಿಂತುಕೊಂಡು ಮೇಲಿನಿಂದ. ಪೆನ್ ಟೂಲ್‌ನಿಂದ ಅಚ್ಚುಕಟ್ಟಾಗಿ ಕತ್ತರಿಸಿ ಶೆಲ್ಫ್ ಮೇಲಿಟ್ಟೆ. ಸ್ಟಿಕ್ಕರ್ ಅಂಟಿಸಿದ ಹಾಗೆ ಕಂಡಿತು. ಕರ್ವ್ಸ್ ಎಳೆದು ಬೆಳಕು ಹೆಚ್ಚುಕಡಿಮೆ ಮಾಡಿದೆ, ಬಣ್ಣ ಬದಲಿಸಿದೆ, ಅಂಚು ಮೆತ್ತಗೆ ಮಾಡಿದೆ, ಒಂದಿಡೀ ಸಂಜೆ ಹೀಗೇ ಹೋಯಿತು, ಆದರೂ ಸ್ಟಿಕ್ಕರ್ರೇ. ಆಮೇಲೆ ಹೊಳೆಯಿತು. ಗಾಜಿನ ಮೇಲೆ ಟ್ಯೂಬ್‌ಲೈಟಿನ ಉದ್ದನೆಯ ಬಿಳಿ ಗೆರೆ ಇದೆ, ಚಿತ್ರದಲ್ಲೋ ಅಗಲವಾದ ಕಿಟಕಿ. ಮೇಲಿನಿಂದ ತೆಗೆದ ಬಾಟಲಿಯ ತಳ ದಪ್ಪ ಮೊಟ್ಟೆಯಾಕಾರ, ಪಕ್ಕದ ಲೋಟದ ಬಾಯಿ ಮಾತ್ರ ಹೆಚ್ಚುಕಡಿಮೆ ನೇರ ಗೆರೆ, ಯಾಕೆಂದರೆ ಸ್ಟಾಕ್ ಚಿತ್ರ ತೆಗೆದ ಕ್ಯಾಮೆರಾ ಶೆಲ್ಫಿನ ಮಟ್ಟದಲ್ಲೇ ಇತ್ತು. ಇದನ್ನು ಫೋಟೋಶಾಪ್‌ನಲ್ಲಿ ತಿದ್ದಲು ಕೂತರೆ ಸುಮ್ನೆ ಸಮಯ ಹಾಳು. ಬಾಟಲಿಯನ್ನು ಕಿಟಕಿಯ ಪಕ್ಕ ಇಟ್ಟೆ, ಬೆಳಕು ಮರಳಿ ಬೀಳಲಿ ಅಂತ ಬಲಗಡೆ ಒಂದು ಬಿಳಿ ಹಾಳೆ ನಿಲ್ಲಿಸಿದೆ, ಕ್ಯಾಮೆರಾವನ್ನು ಬಾಟಲಿಯ ಮಟ್ಟಕ್ಕೆ ಇಳಿಸಿ ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆದೆ. ಇಪ್ಪತ್ತು ನಿಮಿಷ. ಈಗೆಲ್ಲ ಸ್ಟಾಕ್ ಚಿತ್ರ ಮೊದಲು ಆರಿಸುತ್ತೇನೆ, ಪ್ರಾಡಕ್ಟ್ ಫೋಟೋ ಆಮೇಲೆ.

ಹೊಸ ಬಾಟಲಿ ಕೂತಿತು, ಆದರೆ ತೇಲುತ್ತಿತ್ತು. ನೆರಳಿರಲಿಲ್ಲ. ಒಂದೇ ನೆರಳು ಸಾಲುವುದಿಲ್ಲ, ಎರಡು ಬೇಕು. ತಳಕ್ಕೆ ಅಂಟಿಕೊಂಡ ಹಾಗೆ ತೆಳ್ಳನೆಯ ಗಾಢ ಗೆರೆ ಒಂದು. ಬಲಕ್ಕೆ ಚಾಚಿ, ದೂರ ಹೋದಷ್ಟೂ ಮಸುಕಾಗುವ ನೆರಳು ಇನ್ನೊಂದು. ಎರಡೂ ಮಲ್ಟಿಪ್ಲೈ ಲೇಯರ್, ಅಂದರೆ ಕೆಳಗಿನದನ್ನು ಮುಚ್ಚದೆ ಗಾಢ ಮಾತ್ರ ಮಾಡುವ ಪದರ. ಬಣ್ಣ ಕಪ್ಪಲ್ಲ, ಗಿಡದ ನೆರಳಿಂದಲೇ ಎತ್ತಿಕೊಂಡೆ. ಕಂದು ಗಾಜಿನ ಮೂಲಕ ಬೆಳಕು ದಾಟುತ್ತದೆ ಅಲ್ವಾ, ಹಾಗಾಗಿ ನೆರಳಿನ ನಡುವೆ ಜೇನಿನ ಬಣ್ಣದ ಒಂದು ಮಸುಕು ಕಲೆ ಸೇರಿಸಿದೆ. ಬಾಟಲಿ ಮರದ ಮೇಲೆ ಕೂತಿದ್ದು ಆಗಲೇ.

ಉಳಿದದ್ದು ಚಿಲ್ಲರೆ ಕೆಲಸ. ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿದರೆ ಬೆಳಕಿನ ಹೆಚ್ಚುಕಡಿಮೆ ಬೇಗ ಕಾಣುತ್ತದೆ. ಸ್ಟಾಕ್ ಚಿತ್ರದಲ್ಲಿ ಸಣ್ಣ ಗ್ರೇನ್ (ಮರಳಿನಂಥ ಚುಕ್ಕೆಗಳು) ಇತ್ತು, ಬಾಟಲಿ ನುಣುಪಾಗಿತ್ತು. ಚಿತ್ರವನ್ನು 100% ಗಾತ್ರದಲ್ಲಿಟ್ಟು ಬಾಟಲಿಗೂ ಅಷ್ಟೇ ನಾಯ್ಸ್, ಅಂದರೆ ಅಂಥದ್ದೇ ಚುಕ್ಕೆ ಸೇರಿಸಿದೆ. 1080 × 1920 ಪಿಕ್ಸೆಲ್‌ನ ಉದ್ದ ಜಾಹೀರಾತಿಗೆ ಗೋಡೆಯನ್ನು ಮೇಲಕ್ಕೆ ಬೆಳೆಸಬೇಕಾಯಿತು. ಗೋಡೆಯ ಮೇಲೆ ಪಟ್ಟೆ ಪಟ್ಟೆ ಕಂಡಿತು, ಅದಕ್ಕೂ ನಾಯ್ಸೇ ಮದ್ದು.

ಎಲ್ಲ ಮುಗಿಯಿತು ಅನ್ನುವಾಗ, ಲೋಷನ್ ಮಾಡುವವರು “ಬಾಟಲಿ ಸ್ವಲ್ಪ ದೊಡ್ಡದು ಮಾಡಿ” ಅಂದರು. ಆಗಲ್ಲ ಮೇಡಂ ಅಂದೆ. ನಿಮ್ಮ ಬಾಟಲಿ 14 ಸೆಂಟಿಮೀಟರ್, ಪಕ್ಕದಲ್ಲಿ ಹಲ್ಲುಜ್ಜುವ ಬ್ರಷ್ ಇದೆ, ಕೊಂಡವರು ಡಬ್ಬಿ ಬಿಚ್ಚಿದಾಗ ಬೈಯುತ್ತಾರೆ. ಶೆಲ್ಫ್, ಗೋಡೆ, ಬೆಳಕು ಏನನ್ನಾದರೂ ಬದಲಿಸುತ್ತೇನೆ. ಬಾಟಲಿಯ ಅಳತೆ, ಲೇಬಲ್, ಬಣ್ಣ ಮುಟ್ಟುವುದಿಲ್ಲ. ಸ್ವಲ್ಪ ಮುನಿಸಿಕೊಂಡರು, ಆಮೇಲೆ ಒಪ್ಪಿದರು.

ಕೆಲವು ವಾರ ಬಿಟ್ಟು ಅದೇ ಶೆಲ್ಫ್, ಅದೇ ಗಿಡ ಬೇರೆಯವರ ಜಾಹೀರಾತಿನಲ್ಲಿ ಕಂಡಿತು. ಸ್ಟಾಕ್ ಚಿತ್ರ ಅಂದರೆ ಅಷ್ಟೇ, ದುಡ್ಡು ಕೊಟ್ಟವರೆಲ್ಲ ಬಳಸಬಹುದು. ಅವರು ಸೋಪು ಇಟ್ಟಿದ್ದರು. ಸೋಪಿನ ನೆರಳು ಕಿಟಕಿಯ ಕಡೆಗೇ ಬಿದ್ದಿತ್ತು.