ಕತ್ತರಿ ಹಿಡಿದ ಮೇಲೆ ಇಳಿದ ನೈಟ್ರೇಟ್

ಟೆಸ್ಟ್ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನೀರು ದಾಳಿಂಬೆ ರಸದ ಹಾಗೆ ಕೆಂಪಾಗಿತ್ತು. ಚಾರ್ಟಿನ ಪ್ರಕಾರ 80 ಪಿಪಿಎಂ (ಲೀಟರಿಗೆ 80 ಮಿಲಿಗ್ರಾಂ) ನೈಟ್ರೇಟ್, ಅಂದರೆ ಮೀನಿನ ಕೊಳೆಯಿಂದ ಹುಟ್ಟಿ ನೀರಿನಲ್ಲೇ ಉಳಿಯುವ ವಸ್ತು. ನನ್ನದು 3 ಅಡಿಯ ಮೀನಿನ ಟ್ಯಾಂಕ್, ಸುಮಾರು 100 ಲೀಟರ್ ನೀರು. ಅದರಲ್ಲಿ ತಳದಲ್ಲಿ ಓಡಾಡುವ ಆರು ಕೋರಿಡೋರಾಸ್ ಮೀನು, ಜೊತೆಗೆ ಮರಿ ಹಾಕಿ ಹಾಕಿ ಮೂವತ್ತು ದಾಟಿದ್ದ ಗಪ್ಪಿಗಳು. ವಾರ ತಪ್ಪದೆ 30 ಲೀಟರ್ ನೀರು ಬದಲಿಸುತ್ತಿದ್ದೆ. ಆದರೂ ಕೋರಿಗಳು ಮಂಕಾಗಿ ಮೂಲೆ ಹಿಡಿದಿದ್ದವು. ನೋಡಿದರೆ ಹೊಟ್ಟೆ ಚುರ್ ಅನ್ನುತ್ತಿತ್ತು.

ಆಮೇಲೆ ನಲ್ಲಿ ನೀರನ್ನೇ ಪರೀಕ್ಷೆ ಮಾಡಿದೆ. 40! ಬೆಂಗಳೂರಿನಲ್ಲಿ ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಇರುವ ಮಿತಿಯೇ ಲೀಟರಿಗೆ 45 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ: 80 ಇರುವ ಟ್ಯಾಂಕಿನಲ್ಲಿ 30 ಲೀಟರ್ ತೆಗೆದು 40ರ ನೀರು ಸುರಿದರೆ ಇಳಿಯುವುದು 68ಕ್ಕೆ. ವಾರದೊಳಗೆ ಮತ್ತೆ ಏರುತ್ತದೆ. ಎಷ್ಟೇ ಬದಲಿಸಿದರೂ 40ಕ್ಕಿಂತ ಕೆಳಗೆ ಹೋಗುವ ಮಾತೇ ಇಲ್ಲ. ಹಾಗಾಗಿ ನಿಮ್ಮ ಮೊದಲ ಕೆಲಸ ನಲ್ಲಿ ನೀರಿನ ಟೆಸ್ಟ್. ಬೋರ್‌ವೆಲ್ ಇದ್ದವರಂತೂ ಮರೆಯಬೇಡಿ. ಅಂದ ಹಾಗೆ, ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ನೈಟ್ರೇಟ್ ಹೆಚ್ಚಿರುವ ನೀರು ಎಳೆ ಮಗುವಿಗೆ ಅಪಾಯ, ಮನೆಯಲ್ಲಿ ಮಗು ಇದ್ದರೆ ಇದು ನೆನಪಿರಲಿ.

ಟೆಸ್ಟ್ ಮಾಡುವಾಗ ಒಂದು ಎಚ್ಚರ ಬೇಕು. ನನ್ನ ಹತ್ತಿರ ಇರುವ ಎರಡು ಬಾಟಲಿಯ ಹನಿ ಕಿಟ್‌ನಲ್ಲಿ ಎರಡನೇ ಬಾಟಲಿಯ ಪುಡಿ ತಳಕ್ಕೆ ಕೂತಿರುತ್ತದೆ. ಅದನ್ನು 30 ಸೆಕೆಂಡ್ ಕೈ ನೋಯುವಷ್ಟು ಕುಲುಕಬೇಕು. ಹನಿ ಹಾಕಿದ ಮೇಲೆ ಟ್ಯೂಬನ್ನು ಒಂದು ನಿಮಿಷ ಕುಲುಕಿ 5 ನಿಮಿಷ ಕಾಯಬೇಕು. ಸುಮ್ನೆ ಎರಡು ಸಲ ಅಲ್ಲಾಡಿಸಿ ನೋಡಿದರೆ ಹಳದಿ ಬರುತ್ತದೆ. ನೈಟ್ರೇಟ್ ಇಲ್ಲ ಅಂತ ಖುಷಿಪಡುತ್ತೀರಿ, ಆದರೆ ಅದು ಸುಳ್ಳು ರೀಡಿಂಗ್.

ನೀರು ಬದಲಿಸಿ ಇಳಿಯದ ನೈಟ್ರೇಟನ್ನು ಇಳಿಸಲು ನಾನು ಟ್ಯಾಂಕಿಗೆ ಗಿಡ ಹಾಕಿದೆ. ಗಿಡ ಯಾಕೆ ಬೇಕು? ಮೀನು ಬಿಡುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮಾಮೂಲಿ ಫಿಲ್ಟರಿನಲ್ಲಿ ಕೆಲಸ ಅಲ್ಲಿಗೆ ನಿಲ್ಲುತ್ತದೆ, ನೈಟ್ರೇಟ್ ಉಳಿದುಬಿಡುತ್ತದೆ. ಗಿಡ ಅದನ್ನು ಹೀರಿ ಎಲೆ, ಕಾಂಡ ಮಾಡಿಕೊಳ್ಳುತ್ತದೆ. ಇನ್ನೂ ಒಳ್ಳೆಯದೆಂದರೆ, ಗಿಡಗಳಿಗೆ ಅಮೋನಿಯಂ (ನೀರಿನಲ್ಲಿ ಅಮೋನಿಯಾದ ಇನ್ನೊಂದು ರೂಪ) ಮೇಲೇ ಹೆಚ್ಚು ಪ್ರೀತಿ. ನೈಟ್ರೇಟ್ ಆಗುವ ಮೊದಲೇ ಒಂದಷ್ಟನ್ನು ಮುಗಿಸಿಬಿಡುತ್ತವೆ.

ಆದರೆ ಎಲ್ಲ ಗಿಡವೂ ಇದಕ್ಕೆ ಆಗಿಬರುವುದಿಲ್ಲ. ಮೊದಲು ನಾನು ತಂದದ್ದು ಅನುಬಿಯಾಸ್ ಮತ್ತು ಜಾವಾ ಫರ್ನ್. ನೋಡಲು ಚೆಂದ, ಆದರೆ ಅನುಬಿಯಾಸ್ ಒಂದು ಎಲೆ ಬಿಡಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಬೆಳೆಯದ ಗಿಡ ಏನು ತಿಂದೀತು, ಅಲ್ವಾ? ಬೇಕಾದದ್ದು ಕಳೆಯ ಹಾಗೆ ಬೆಳೆಯುವ ಗಿಡ. ಹಾರ್ನ್‌ವರ್ಟ್ ಅಂಥದ್ದು. ಅದಕ್ಕೆ ಬೇರೇ ಇಲ್ಲ, ಜಲ್ಲಿಯಲ್ಲಿ ನೆಡುವುದು ಬೇಡ, ತೇಲಲು ಬಿಡಿ. ಹೊಸ ನೀರಿಗೆ ಬಂದಾಗ ಸೂಜಿಯಂಥ ಎಲೆ ಉದುರಿಸುತ್ತದೆ, ಗಾಬರಿ ಬೇಡ, ಉದುರಿದ್ದನ್ನು ಬಲೆಯಲ್ಲಿ ತೆಗೆಯುತ್ತಿರಿ. ವಾಟರ್ ವಿಸ್ಟೀರಿಯಾ ಜಲ್ಲಿಯಲ್ಲಿ ನೆಡುವಂಥದ್ದು. ನರ್ಸರಿಯಲ್ಲಿ ಎಲೆ ನೀರಿನಿಂದ ಹೊರಗಿದ್ದು ಬೆಳೆದ ಗಿಡವಾದರೆ ಹಳೇ ಎಲೆಗಳು ಕರಗಿ ಹೋಗುತ್ತವೆ. ಆಮೇಲೆ ಸಬ್ಬಸಿಗೆ ಸೊಪ್ಪಿನಂಥ ಸೀಳಿದ ಹೊಸ ಎಲೆ ಬರುತ್ತದೆ. ಆ ಎಲೆ ಕಂಡರೆ ಗಿಡ ನೆಲೆಯೂರಿತು ಅಂತ ಲೆಕ್ಕ.

ಮೇಲೆ ತೇಲಲು ಅಂತರಗಂಗೆ ಸಾಕು. ತೇಲುವ ಗಿಡಗಳಿಗೆ ಗಾಳಿಯಿಂದಲೇ ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ, ಅದಕ್ಕೇ ಅಷ್ಟು ಜೋರಾಗಿ ಬೆಳೆಯುತ್ತವೆ. ಏರ್ ಪಂಪಿನ ಟ್ಯೂಬ್ ಒಂದಡಿ ಕತ್ತರಿಸಿ, ಎರಡು ತುದಿ ಜೋಡಿಸಿ ಬಳೆ ಮಾಡಿ ತೇಲಿಬಿಡಿ. ಬಳೆಯೊಳಗೆ ಗಿಡ ಬರುವುದಿಲ್ಲ, ಮೀನಿಗೆ ಅಲ್ಲೇ ಆಹಾರ ಹಾಕಬಹುದು. ನೀರಿನ ಮೇಲ್ಭಾಗ ಅರ್ಧಕ್ಕಿಂತ ಜಾಸ್ತಿ ಮುಚ್ಚಬಾರದು. ಕೆಳಗಿನ ಗಿಡಕ್ಕೆ ಬೆಳಕು ಸಿಗುವುದಿಲ್ಲ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ, ಹಾಗಾಗಿ ಏರ್ ಪಂಪ್ ಆರಿಸಬೇಡಿ.

ನನ್ನ ಟ್ಯಾಂಕಿನಲ್ಲಿ ನಿಜವಾಗಿ ಕೈ ಹಿಡಿದದ್ದು ಮನಿ ಪ್ಲಾಂಟ್. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲೆ ಹಬ್ಬಿದ್ದ ಬಳ್ಳಿಯಿಂದ ಐದು ತುಂಡು ಕೊಟ್ಟರು. ಪ್ರತಿ ತುಂಡಿನಲ್ಲೂ ಒಂದೆರಡು ಗೆಣ್ಣು ಇರಬೇಕು, ಬೇರು ಒಡೆಯುವುದು ಅಲ್ಲಿಂದಲೇ. ಹಳೇ ಉಪ್ಪಿನಕಾಯಿ ಬಾಟಲಿಯಲ್ಲಿ ನೀರು ಹಾಕಿ ಮೂರು ವಾರ ಇಟ್ಟೆ. ಬಿಳಿ ಬೇರು ಬೆರಳುದ್ದ ಆದ ಮೇಲೆ, ಟ್ಯಾಂಕಿನ ಅಂಚಿಗೆ ತೂಗುಹಾಕಿರುವ ಫಿಲ್ಟರ್ ಡಬ್ಬಿಯಲ್ಲಿ ಇಳಿಬಿಟ್ಟೆ. ಬೇರು ಮಾತ್ರ ನೀರಿನಲ್ಲಿ, ಎಲೆಯೆಲ್ಲ ಹೊರಗೆ. ಎಲೆ ಮುಳುಗಿದರೆ ಕೊಳೆಯುತ್ತದೆ. ಬೇರು ಮೋಟಾರಿಗೆ ಸಿಕ್ಕಿಕೊಳ್ಳದಂತೆ ಆಗಾಗ ನೋಡಬೇಕು.

ಲೈಟು ದಿನಕ್ಕೆ 7 ಗಂಟೆ ಸಾಕು. ಜಾಸ್ತಿಯಾದರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ.

ಈಗ ಮುಖ್ಯವಾದ ಮಾತು. ಗಿಡ ಹೀರಿದ ನೈಟ್ರೇಟ್ ಗಿಡದೊಳಗೇ ಇರುತ್ತದೆ, ಅಂದರೆ ಇನ್ನೂ ಟ್ಯಾಂಕಿನಲ್ಲೇ ಇದೆ. ಎಲೆ ಕೊಳೆತರೆ ಅಮೋನಿಯಾ ಆಗಿ ಮತ್ತೆ ನೀರಿಗೇ ಬರುತ್ತದೆ. ಕತ್ತರಿಸಿ ಹೊರಗೆ ತೆಗೆದಾಗಲೇ ಅದು ಟ್ಯಾಂಕ್ ಬಿಟ್ಟು ಹೋಗುವುದು. ನಾನು ಪ್ರತಿ ಭಾನುವಾರ ಹಾರ್ನ್‌ವರ್ಟನ್ನು ಮೂರನೇ ಒಂದು ಭಾಗ ತೆಗೆಯುತ್ತೇನೆ, ಅಂತರಗಂಗೆ ಎರಡು ಹಿಡಿ. ವಿಸ್ಟೀರಿಯಾದ ತುದಿ ಕತ್ತರಿಸಿ ಮತ್ತೆ ನೆಟ್ಟು, ಬುಡದ ಹಳೇ ಕಾಂಡ ಕೀಳುತ್ತೇನೆ. ಇಷ್ಟು ಚೆನ್ನಾಗಿ ಬೆಳೆದಿದೆಯಲ್ಲ ಅಂತ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ. ಆದರೂ ಹಾಕಿ.

ಮೊದಲ ಮೂರು ವಾರ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಐದನೇ ವಾರ 40. ಎರಡು ತಿಂಗಳು ತುಂಬುವಾಗ ಟ್ಯೂಬಿನ ನೀರು ಕಿತ್ತಳೆ ಬಣ್ಣಕ್ಕೆ ಬಂತು, 20. ನಲ್ಲಿ ನೀರಿಗಿಂತ ಟ್ಯಾಂಕಿನ ನೀರಲ್ಲೇ ನೈಟ್ರೇಟ್ ಕಡಿಮೆ! ಕೋರಿಗಳು ಮತ್ತೆ ತಳ ಕೆದಕಲು ಶುರು ಮಾಡಿದವು. ಸೊನ್ನೆ ಮಾಡಲು ಹೋಗಬೇಡಿ, ಗಿಡದ ಹಳೇ ಎಲೆಗಳು ಹಳದಿಯಾಗುತ್ತವೆ. ನೀರು ಬದಲಿಸುವುದನ್ನೂ ಪೂರ್ತಿ ನಿಲ್ಲಿಸಬೇಡಿ. ನಾನು ಈಗ ಹದಿನೈದು ದಿನಕ್ಕೆ 20 ಲೀಟರ್ ಬದಲಿಸುತ್ತೇನೆ.

ಕತ್ತರಿಸಿದ ಗಿಡವನ್ನು ಮೋರಿಗೋ ಕೆರೆಗೋ ಎಸೆಯಬೇಡಿ, ದಯವಿಟ್ಟು. ಒಂದು ಹಿಡಿ ಅಂತರಗಂಗೆ ಸಾಕು, ಕೆರೆಯ ಮೇಲೆಲ್ಲ ಹಬ್ಬಿಬಿಡುತ್ತದೆ. ನಾನು ತಾರಸಿಯ ಮೇಲೆ ಎರಡು ದಿನ ಒಣಗಿಸಿ ಕರಿಬೇವಿನ ಕುಂಡಕ್ಕೆ ಹಾಕುತ್ತೇನೆ.